ಜನಸಂಖ್ಯಾ ಬದಲಾವಣೆ ಮತ್ತು ಪ್ರಾದೇಶಿಕ ಅಭಿವೃದ್ಧಿ ನೀತಿ

ಜನನ, ಮರಣ ಮತ್ತು ವಲಸೆಯಿಂದ ಒಂದು ಪ್ರದೇಶದ ಜನರ ಸಂಖ್ಯೆಯಲ್ಲೂ ವಯೋರಚನೆಯಲ್ಲೂ ಉಂಟಾಗುವ ವ್ಯತ್ಯಾಸವನ್ನು ಜನಸಂಖ್ಯಾ ಬದಲಾವಣೆ ಎಂದೂ, ಪ್ರದೇಶಗಳ ನಡುವಿನ ಅಂತರವನ್ನು ತಗ್ಗಿಸಲು ಸರ್ಕಾರವು ಅನುದಾನ ಹಾಗೂ ಸೌಕರ್ಯಗಳನ್ನು ಹಂಚುವ ಕ್ರಮವನ್ನು ಪ್ರಾದೇಶಿಕ ಅಭಿವೃದ್ಧಿ ನೀತಿ ಎಂದೂ ಕರೆಯಲಾಗುತ್ತದೆ. 2001 ಮತ್ತು 2011ರ ಜನಗಣತಿಗಳ ನಡುವೆ ಬೆಂಗಳೂರು ನಗರ ಜಿಲ್ಲೆಯ ಜನಸಂಖ್ಯೆ ಸುಮಾರು 65 ಲಕ್ಷದಿಂದ 96 ಲಕ್ಷಕ್ಕೆ ಏರಿದರೆ, ಕೊಡಗಿನಲ್ಲಿ ಅದು ಶೇ. 1ರಷ್ಟು ಮಾತ್ರ ಹೆಚ್ಚಿತು, ಚಿಕ್ಕಮಗಳೂರಿನಲ್ಲಿ ತುಸು ಇಳಿಯಿತು. ಜನದಟ್ಟಣೆ ಬೆಳೆದಲ್ಲಿ ವಸತಿ, ಕುಡಿಯುವ ನೀರು, ಸಾರಿಗೆಗೆ ಹಣ ಬೇಕಾಗುತ್ತದೆ. ಜನ ವಿರಳವಾದಲ್ಲಿ ಮಕ್ಕಳು ಕಡಿಮೆಯಾದರೂ ಶಾಲೆಯ, ರೋಗಿಗಳು ವಿರಳವಾದರೂ ಆಸ್ಪತ್ರೆಯ ಖರ್ಚು ಅದೇ ಪ್ರಮಾಣದಲ್ಲಿ ಇಳಿಯದೆ, ತಲಾ ವೆಚ್ಚ ಏರುತ್ತದೆ. ಆದ್ದರಿಂದ ಜನಸಂಖ್ಯೆಯೊಂದನ್ನೇ ಅಳತೆಗೋಲಾಗಿಸಿಕೊಳ್ಳದೆ, ಕರ್ನಾಟಕದ ಪ್ರಾದೇಶಿಕ ಅಸಮತೋಲನವನ್ನು ಅಧ್ಯಯನ ಮಾಡಿದ ಡಿ. ಎಂ. ನಂಜುಂಡಪ್ಪ ಸಮಿತಿಯು 2002ರ ವರದಿಯಲ್ಲಿ ಹಲವು ಸೂಚ್ಯಂಕಗಳ ಆಧಾರದಿಂದ ಅಂದಿನ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿತು. ರಾಜ್ಯಗಳ ಮಟ್ಟದಲ್ಲಿ, 15ನೇ ಹಣಕಾಸು ಆಯೋಗವು ಕೇಂದ್ರ ತೆರಿಗೆ ಹಂಚಿಕೆಗೆ 1971ರ ಬದಲು 2011ರ ಜನಸಂಖ್ಯೆಯನ್ನು ಆಧರಿಸಿದ್ದರಿಂದ, ಜನನ ಪ್ರಮಾಣವನ್ನು ಮೊದಲೇ ತಗ್ಗಿಸಿದ ದಕ್ಷಿಣದ ರಾಜ್ಯಗಳು ಆಕ್ಷೇಪವೆತ್ತಿದವು. ಜನಸಂಖ್ಯಾ ನಿಯಂತ್ರಣದ ಸಾಧನೆಗೆ ಶೇ. 12.5 ತೂಕ ನೀಡಲಾಯಿತಾದರೂ, ತಲಾ ಆದಾಯದ ಅಂತರಕ್ಕೆ ಶೇ. 45 ತೂಕವಿದ್ದ ಆ ಸೂತ್ರದಡಿ ಕರ್ನಾಟಕದ ಪಾಲು ಶೇ. 4.71ರಿಂದ 3.65ಕ್ಕೆ ಇಳಿಯಿತು.