ಮಿನಿ ಕೂಪರ್ ಗಾಡಿಯ ಸ್ಪರ್ಧಾಚರಿತ್ರೆ

ಮಾಂಟೆ ಕಾರ್ಲೋ ರ್ಯಾಲಿಯ ವಿಜೇತರ ಪಟ್ಟಿಯಲ್ಲಿ ೧೯೬೬ನೆಯ ವರ್ಷದ ಎದುರಿಗೆ ಪೌಲಿ ಟೊಯ್ವೊನೆನ್ ಎಂಬ ಫಿನ್ಲೆಂಡಿನ ಚಾಲಕನ ಹೆಸರೂ ಸಿಟ್ರೊಯನ್ ಎಂಬ ಫ್ರೆಂಚ್ ಮೋಟಾರಿನ ಹೆಸರೂ ಕಂಡುಬರುತ್ತವೆ. ಆದರೆ ಆ ವರ್ಷ ಪಂದ್ಯವು ಮುಗಿದ ರಾತ್ರಿ ಮೊದಲ ಮೂರು ಸ್ಥಾನಗಳಲ್ಲಿ ನಿಂತಿದ್ದವು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಸಂಸ್ಥೆಯ ಮೂರು ಮಿನಿ ಕೂಪರ್ ಗಾಡಿಗಳು. ಪಟ್ಟಿಯನ್ನು ನಂಬಿದವನಿಗೆ ಒಂದು ಚರಿತ್ರೆ, ಗಡಿಯಾರವನ್ನು ನಂಬಿದವನಿಗೆ ಇನ್ನೊಂದು. ಇಂಗ್ಲಿಷ್ ಲೇಖಕರಲ್ಲಿ ಅನೇಕರು ಇದನ್ನು ಶುದ್ಧ ಅನ್ಯಾಯವೆಂದೇ ಕರೆಯುತ್ತ ಬಂದಿದ್ದಾರೆ. ಆ ಮಾತನ್ನು ಒಪ್ಪುವುದಕ್ಕೆ ಮೊದಲು ಈ ಗಾಡಿಯು ಹುಟ್ಟಿ ಬೆಳೆದ ಬಗೆಯನ್ನು ವಿಚಾರಿಸಿ ನೋಡುವುದು ಯುಕ್ತವಾಗಿದೆ.

ರ್ಯಾಲಿಯೆಂಬುದು ಒಂದೇ ಪಥದಲ್ಲಿ ಸುತ್ತುವ ಓಟವಲ್ಲ. ಚಾಲಕನೊಬ್ಬನೂ ದಾರಿಯ ಟಿಪ್ಪಣಿಯನ್ನು ಓದಿ ಹೇಳುವ ಸಹಚಾಲಕನೊಬ್ಬನೂ ಕೂಡಿ, ಸಾಮಾನ್ಯ ರಸ್ತೆಗಳಲ್ಲಿ ಠಾಣೆಯಿಂದ ಠಾಣೆಗೆ ಗೊತ್ತಾದ ವೇಳೆಗೆ ತಲುಪಬೇಕು. ನಡುನಡುವೆ ಜನಸಂಚಾರವನ್ನು ತಡೆದ ರಸ್ತೆಗಳಲ್ಲಿ ವೇಗಪರೀಕ್ಷೆಗಳು ನಡೆಯುತ್ತವೆ. ಆ ಕಾಲದ ಮಾಂಟೆ ಕಾರ್ಲೋ ರ್ಯಾಲಿಯಲ್ಲಿ ಸ್ಪರ್ಧಿಗಳು ಯೂರೋಪಿನ ಬೇರೆಬೇರೆ ನಗರಗಳಿಂದ ಹೊರಟು, ಜನವರಿಯ ಹಿಮದಲ್ಲಿ ಆಲ್ಪ್ಸ್ ಪರ್ವತಗಳನ್ನು ದಾಟಿ ಮೆಡಿಟರೇನಿಯನ್ ಸಮುದ್ರತೀರಕ್ಕೆ ಬರುತ್ತಿದ್ದರು.

ಇಂತಹ ಕಠಿನ ಪರೀಕ್ಷೆಗೆ ಮಿನಿಯನ್ನು ಯಾರೂ ಸಂಕಲ್ಪಿಸಿರಲಿಲ್ಲ. ೧೯೫೬ರಲ್ಲಿ ಸೂಯೆಜ್ ಕಾಲುವೆಯ ಬಿಕ್ಕಟ್ಟಿನಿಂದ ಇಂಗ್ಲೆಂಡಿನಲ್ಲಿ ಪೆಟ್ರೋಲಿನ ಅಭಾವವುಂಟಾಯಿತು. ಅಲ್ಪ ಇಂಧನದಿಂದ ನಾಲ್ವರನ್ನು ಹೊರುವ ಗಾಡಿಯೊಂದು ಬೇಕೆಂದು ಸಂಸ್ಥೆಯ ಅಧ್ಯಕ್ಷನಾದ ಲಿಯೊನಾರ್ಡ್ ಲಾರ್ಡನು ಅಲೆಕ್ ಇಸಿಗೋನಿಸ್ ಎಂಬ ಶಿಲ್ಪಿಗೆ ಆಜ್ಞಾಪಿಸಿದನು. ೧೯೫೯ರ ಆಗಸ್ಟಿನಲ್ಲಿ ಹೊರಬಂದ ಆ ಗಾಡಿಯ ಉದ್ದ ಕೇವಲ ಹತ್ತು ಅಡಿ. ಚಕ್ರದ ವ್ಯಾಸ ಹತ್ತು ಅಂಗುಲ. ಎಂಜಿನ್ನಿನ ಗಾತ್ರ ೮೪೮ ಘನ ಸೆಂಟಿಮೀಟರು. ಎಂಜಿನ್ನನ್ನು ಅಡ್ಡಲಾಗಿಟ್ಟು, ಗೇರುಪೆಟ್ಟಿಗೆಯನ್ನು ಅದರ ಕೆಳಗೇ ಅಡಕಮಾಡಿ, ಮುಂದಿನ ಚಕ್ರಗಳಿಗೆ ಚಾಲನೆಯನ್ನು ಕೊಟ್ಟುದು ಇಸಿಗೋನಿಸನ ಜಾಣ್ಮೆ. ಉಕ್ಕಿನ ಸ್ಪ್ರಿಂಗುಗಳಿಗೆ ಬದಲಾಗಿ ಅಲೆಕ್ಸ್ ಮೌಲ್ಟನ್ನನ ರಬ್ಬರಿನ ಶಂಕುಗಳು ಗಾಡಿಯ ಭಾರವನ್ನು ಹೊತ್ತುವು. ಸ್ಥಳವನ್ನು ಉಳಿಸುವುದಕ್ಕಾಗಿ ಮಾಡಿದ ಈ ಏರ್ಪಾಟಿನಿಂದ, ಎಂಜಿನ್ನಿನ ತೂಕವೆಲ್ಲವೂ ನೆಲವನ್ನು ಹಿಡಿದೆಳೆಯುವ ಚಕ್ರಗಳ ಮೇಲೆಯೇ ಬೀಳುವಂತಾಯಿತು. ಹಿಮದ ಮೇಲೆ ಇದಕ್ಕಿಂತ ಬೇರೆ ವರವು ಬೇಕೆ?

ಈ ಗುಣವನ್ನು ಮೊದಲು ಕಂಡವರಲ್ಲಿ ಜಾನ್ ಕೂಪರನೂ ಒಬ್ಬನು. ೧೯೫೯ ಮತ್ತು ೧೯೬೦ರಲ್ಲಿ ಅವನ ಓಟದ ಗಾಡಿಗಳು ಜಗತ್ತಿನ ಪ್ರಶಸ್ತಿಯನ್ನು ಪಡೆದಿದ್ದುವು. ೧೯೬೧ರಲ್ಲಿ ಅವನ ಹೆಸರನ್ನು ಧರಿಸಿ ಬಂದ ಮಿನಿ ಕೂಪರಿಗೆ ೯೯೭ ಘನ ಸೆಂಟಿಮೀಟರಿನ ಎಂಜಿನ್ನೂ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕುಗಳೂ ಇದ್ದುವು. ೧೯೬೩ರಲ್ಲಿ ‘ಎಸ್’ ಎಂಬ ವಿಶೇಷಣವುಳ್ಳ ೧೦೭೧ರ ಗಾಡಿಯೂ, ೧೯೬೪ರಲ್ಲಿ ೯೭೦ ಮತ್ತು ೧೨೭೫ರ ಗಾಡಿಗಳೂ ಹೊರಟುವು. ಒಂದೇ ಗಾಡಿಗೆ ಇಷ್ಟು ಬಗೆಯ ಎಂಜಿನ್ನುಗಳೇಕೆಂದು ಕೇಳಿದರೆ ಉತ್ತರವು ಶಿಲ್ಪಶಾಸ್ತ್ರದಲ್ಲಿಲ್ಲ, ಪಂದ್ಯದ ನಿಯಮಾವಳಿಯಲ್ಲಿದೆ. ಅಂದು ವರ್ಗಗಳ ಮೇರೆಗಳು ೧೦೦೦, ೧೧೦೦, ೧೩೦೦ ಎಂದು ಗೊತ್ತಾಗಿದ್ದುವು. ಪ್ರತಿಯೊಂದು ಎಂಜಿನ್ನೂ ತನ್ನ ಮೇರೆಯ ಕೆಳಗೆ ಒಂದಿಷ್ಟೇ ಅಂತರದಲ್ಲಿ ನಿಂತಿರುವುದನ್ನು ಗಮನಿಸಬೇಕು. ಮೇಲಾಗಿ, ಗೊತ್ತಾದ ಸಂಖ್ಯೆಯ ಗಾಡಿಗಳನ್ನು ತಯಾರಿಸದೆ ಸ್ಪರ್ಧೆಗೆ ಪ್ರವೇಶವಿರಲಿಲ್ಲ. ಹೀಗೆ ನಿಯಮವು ಈ ಗಾಡಿಗೆ ಕೇವಲ ಹೊರಗಿನ ಬೇಲಿಯಲ್ಲ. ಅದನ್ನು ಎರೆದ ಅಚ್ಚೇ ಆಗಿದ್ದಿತು.

ಸಂಸ್ಥೆಯ ಸ್ಪರ್ಧಾವಿಭಾಗವು ಆಬಿಂಗ್ಡನ್ ಎಂಬ ಊರಿನಲ್ಲಿದ್ದಿತು. ೧೯೬೧ರಿಂದ ಸ್ಟುವರ್ಟ್ ಟರ್ನರನು ಅದರ ಮುಖ್ಯಸ್ಥನಾದನು. ೧೯೬೨ರಲ್ಲಿ ಪ್ಯಾಟ್ ಮಾಸ್ ಮತ್ತು ಆ್ಯನ್ ವಿಸ್ಡಮ್ ಎಂಬ ಇಬ್ಬರು ಮಹಿಳೆಯರು ಹಾಲೆಂಡಿನ ಟ್ಯೂಲಿಪ್ ರ್ಯಾಲಿಯನ್ನು ಗೆದ್ದು ಕೂಪರ್ ಗಾಡಿಗೆ ಮೊದಲ ದೊಡ್ಡ ಕೀರ್ತಿಯನ್ನು ತಂದರು. ಪ್ರಸಿದ್ಧ ಪುರುಷಚಾಲಕರ ಹೆಸರುಗಳ ನಡುವೆ ಈ ಸಂಗತಿಯು ಮರೆಯಾಗುತ್ತಿರುವುದು ಸರಿಯಲ್ಲ. ಬಳಿಕ ಟರ್ನರನ ತಂಡದಲ್ಲಿ ಐರ್ಲೆಂಡಿನ ಪ್ಯಾಡಿ ಹಾಪ್ಕರ್ಕನೂ ಫಿನ್ಲೆಂಡಿನ ರೌನೊ ಆಲ್ಟೊನೆನ್, ಟಿಮೊ ಮ್ಯಾಕಿನೆನ್ ಎಂಬಿಬ್ಬರೂ ಕೂಡಿಕೊಂಡರು. ಫಿನ್ಲೆಂಡಿನವರ ವಿದ್ಯೆಯು ವಿಚಿತ್ರವಾದುದು. ಬಲಗಾಲನ್ನು ವೇಗದ ಕೀಲಿನಿಂದ ತೆಗೆಯದೆ ಎಡಗಾಲಿನಿಂದ ಬ್ರೇಕನ್ನು ಒತ್ತುವರು. ಮುಂದಿನ ಚಕ್ರಗಳು ಎಳೆಯುತ್ತಲೇ ಇರಲು, ಹಗುರಾದ ಹಿಂಭಾಗವು ಜಾರಿ ತಿರುವಿನತ್ತ ತಾನಾಗಿ ಮೊಗಮಾಡುವುದು. ಮುಂದಿನ ಚಕ್ರಗಳಿಂದ ನಡೆಯುವ ಗಾಡಿಯು ತಿರುವುಗಳಲ್ಲಿ ಮೊಂಡಾಗಿರುವುದೆಂಬ ದೋಷಕ್ಕೆ ಇದೇ ಪರಿಹಾರವಾಯಿತು.

೧೯೬೪ರ ಜನವರಿಯಲ್ಲಿ ಹಾಪ್ಕರ್ಕನು ಹೆನ್ರಿ ಲಿಡನ್ನನೊಡನೆ ೧೦೭೧ರ ಗಾಡಿಯಲ್ಲಿ ಮಿನ್ಸ್ಕ್ ನಗರದಿಂದ ಹೊರಟು ಮಾಂಟೆ ಕಾರ್ಲೋ ರ್ಯಾಲಿಯನ್ನು ಗೆದ್ದನು. ಇಲ್ಲಿ ಒಂದು ಮಾತನ್ನು ಬಚ್ಚಿಡಲಾಗದು. ವೇಗಪರೀಕ್ಷೆಗಳಲ್ಲಿ ಅವನಿಗಿಂತ ವೇಗವಾಗಿ ಓಡಿದುದು ಬೊ ಲ್ಯುಂಗ್ಫೆಲ್ಟನ ಫೋರ್ಡ್ ಫಾಲ್ಕನ್. ಅದರ ಎಂಜಿನ್ನಿನ ಗಾತ್ರ ನಾಲ್ಕು ಲೀಟರಿಗೂ ಮೇಲೆ. ಎಂಜಿನ್ನಿನ ಗಾತ್ರವನ್ನು ಗಣಿಸಿ ಸಣ್ಣ ಗಾಡಿಗಳಿಗೆ ಅನುಕೂಲವನ್ನು ಕೊಡುವ ಸೂತ್ರವೊಂದು ಆಗ ಜಾರಿಯಲ್ಲಿದ್ದುದರಿಂದ ಮಿನಿಯು ಮೊದಲನೆಯದಾಯಿತು, ಫಾಲ್ಕನ್ ಎರಡನೆಯದಾಯಿತು. ೧೯೬೬ರ ತೀರ್ಪನ್ನು ಖಂಡಿಸುವವರು ಈ ಲೆಕ್ಕವನ್ನೂ ನೆನಪಿನಲ್ಲಿಡಬೇಕು. ೧೯೬೫ರ ಗೆಲವಿಗಾದರೋ ಯಾವ ಸಮರ್ಥನೆಯೂ ಬೇಡ. ಭಯಂಕರವಾದ ಹಿಮಪಾತದಲ್ಲಿ ಹೊರಟ ೨೩೭ ಗಾಡಿಗಳ ಪೈಕಿ ಮಾಂಟೆ ಕಾರ್ಲೋವನ್ನು ಮುಟ್ಟಿದುವು ೩೫ ಮಾತ್ರ. ಅವುಗಳಲ್ಲಿ ಮ್ಯಾಕಿನೆನ್ ಮತ್ತು ಪಾಲ್ ಈಸ್ಟರರ ೧೨೭೫ರ ಮಿನಿಯು ಅಗ್ರಸ್ಥಾನವನ್ನು ಪಡೆಯಿತು. ಅದೇ ವರ್ಷ ಆಲ್ಟೊನೆನ್ನನು ಯೂರೋಪಿನ ರ್ಯಾಲಿ ಪ್ರಶಸ್ತಿಗೆ ಪಾತ್ರನಾದನು.

ಇನ್ನು ೧೯೬೬ರ ಪ್ರಕರಣ. ಹನ್ನೆರಡು ತಿಂಗಳಲ್ಲಿ ೫೦೦೦ ಗಾಡಿಗಳು ತಯಾರಾಗಿದ್ದರೆ ಮಾತ್ರ ಅಂತಹ ಗಾಡಿಯು ಒಂದನೆಯ ವರ್ಗಕ್ಕೆ ಸೇರುವುದೆಂದೂ, ಅದು ಮಾರಾಟದ ಗಾಡಿಯಂತೆಯೇ ಇರತಕ್ಕದ್ದೆಂದೂ ಹೊಸ ನಿಯಮವಾಯಿತು. ಪಂದ್ಯದ ಲೆಕ್ಕವು ಆ ವರ್ಗಕ್ಕೇ ಅನುಕೂಲವಾಗಿದ್ದುದರಿಂದ ಟರ್ನರನು ತನ್ನ ಗಾಡಿಗಳನ್ನು ಅದರಲ್ಲಿಯೇ ಸೇರಿಸಿದನು. ಮ್ಯಾಕಿನೆನ್, ಆಲ್ಟೊನೆನ್, ಹಾಪ್ಕರ್ಕ್ ಕ್ರಮವಾಗಿ ಮೊದಲ ಮೂವರಾದರು. ಪರೀಕ್ಷಕರು ಗಂಟೆಗಟ್ಟಲೆ ಗಾಡಿಗಳನ್ನು ಬಿಚ್ಚಿ ನೋಡಿದರು. ಕೊನೆಗೆ ದೋಷವೆನಿಸಿದುದು ದೀಪಗಳಲ್ಲಿ. ಮಾರಾಟದ ಗಾಡಿಯ ಮುಂಭಾಗದ ದೀಪದೊಳಗೆ ಎರಡು ತಂತುಗಳಿದ್ದು, ಎದುರಿಗೆ ಬರುವವನ ಕಣ್ಣು ಕೋರೈಸದಂತೆ ಬೆಳಕನ್ನು ತಗ್ಗಿಸಬಹುದಾಗಿದ್ದಿತು. ಪಂದ್ಯದ ಮಿನಿಗಳಲ್ಲಿದ್ದ ಅಯೊಡೀನ್ ಬಲ್ಬಿಗೆ ಒಂದೇ ತಂತು. ಬೆಳಕನ್ನು ತಗ್ಗಿಸಬೇಕಾದಾಗ ಅದು ಆರಿ, ಮಂಜುದೀಪಗಳು ಉರಿಯುತ್ತಿದ್ದುವು. ಮೂರು ಮಿನಿಗಳೂ ನಾಲ್ಕನೆಯವನಾದ ರೋಜರ್ ಕ್ಲಾರ್ಕನ ಫೋರ್ಡ್ ಕಾರ್ಟಿನವೂ ಪಟ್ಟಿಯಿಂದ ಹೊರದೂಡಲ್ಪಟ್ಟುವು. ಮೇಲ್ಮನವಿಗಳಿಂದ ಫಲವಾಗಲಿಲ್ಲ.

ನಿಯಮದ ಅಕ್ಷರವು ಪರೀಕ್ಷಕರ ಪಕ್ಷದಲ್ಲಿದ್ದಿತೆಂದೇ ನನಗೆ ತೋರುತ್ತದೆ. ಹೆಚ್ಚು ಬೆಳಗುವ ಬಲ್ಬಿನಿಂದ ರಾತ್ರಿಯ ದಾರಿಯಲ್ಲಿ ಪ್ರಯೋಜನವಿಲ್ಲವೆನ್ನುವುದೂ ಹಠವಾದೀತು. ಆದರೆ ಎಂಜಿನ್ನನ್ನು ಕದ್ದುಮುಚ್ಚಿ ತಿದ್ದಿದವನಿಗೆ ವಿಧಿಸತಕ್ಕ ದಂಡವನ್ನೇ ಬಲ್ಬನ್ನು ಬದಲಿಸಿದವನಿಗೂ ವಿಧಿಸಿದರೆ ಅಪರಾಧಕ್ಕೂ ಶಿಕ್ಷೆಗೂ ಇರತಕ್ಕ ಪ್ರಮಾಣವು ಕೆಡುತ್ತದೆ. ೧೯೬೪ರ ಸೂತ್ರವನ್ನು ಹೊರಡುವ ಮುನ್ನವೇ ಎಲ್ಲರೂ ಬಲ್ಲವರಾಗಿದ್ದರು. ೧೯೬೬ರಲ್ಲಿಯಾದರೋ ನಿಯಮದ ನಿರ್ಣಾಯಕವಾದ ಅರ್ಥವು ಪಂದ್ಯವು ಮುಗಿದ ಮೇಲೆ ಹೊರಬಿತ್ತು. ಈ ಎರಡು ಪ್ರಸಂಗಗಳಿಗಿರುವ ಭೇದವು ಇಷ್ಟೇ. ಆದರೆ ಇದು ಅಲ್ಪವಾದುದಲ್ಲ.

೧೯೬೭ರಲ್ಲಿ ಆಲ್ಟೊನೆನ್ನನು ಲಿಡನ್ನನೊಡನೆ ಕೆಲವೇ ಸೆಕೆಂಡುಗಳ ಅಂತರದಿಂದ ಇಟಲಿಯ ಲ್ಯಾನ್ಸಿಯಾ ಗಾಡಿಯನ್ನು ಹಿಂದೆ ಹಾಕಿ ಮಾಂಟೆ ಕಾರ್ಲೋವನ್ನು ಮತ್ತೆ ಗೆದ್ದುಕೊಂಡನು. ಅಷ್ಟರಲ್ಲಿ ಚಿಕ್ಕ ಗಾಡಿಯ ಕಾಲವು ಮುಗಿಯುತ್ತ ಬಂದಿದ್ದಿತು. ೧೯೬೮ರಲ್ಲಿ ಮೊದಲ ಎರಡು ಸ್ಥಾನಗಳೂ ಪೋರ್ಷೆ ಗಾಡಿಗಳ ಪಾಲಾದುವು. ಆಲ್ಟೊನೆನ್ನನ ಮಿನಿಗೆ ಮೂರನೆಯ ಸ್ಥಾನವು ದೊರೆಯಿತು. ಅವನಿಗಿಂತ ಮುಂದೆ ಎರಡನೆಯವನಾಗಿ, ಯಾರ ದೀಪದ ಹಂಗೂ ಇಲ್ಲದೆ, ಗಡಿಯಾರದ ಲೆಕ್ಕದಿಂದಲೇ ಬಂದವನು ಪೌಲಿ ಟೊಯ್ವೊನೆನ್. ಎರಡು ವರ್ಷಗಳ ತರುವಾಯ, ೧೯೭೦ರಲ್ಲಿ, ಆಬಿಂಗ್ಡನ್ನಿನ ಸ್ಪರ್ಧಾವಿಭಾಗವನ್ನು ಮುಚ್ಚಲಾಯಿತು.