ಕಾರ್ಬ್ಯುರೇಟರ್ ಸೋರಿಕೆ: ಹನಿ ಬೀಳುವ ಜಾಗವೇ ಕಾರಣ ಹೇಳುತ್ತದೆ

ನಿಲ್ಲಿಸಿಟ್ಟ ಬೈಕಿನ ಕೆಳಗೆ ಅಥವಾ ಅಂಗಡಿಯ ಜನರೇಟರಿನ ಬುಡದಲ್ಲಿ ಪೆಟ್ರೋಲ್ ಹನಿ ಕಂಡರೆ ಮೊದಲು ಪರೀಕ್ಷಿಸಬೇಕಾದುದು ಕಾರ್ಬ್ಯುರೇಟರನ್ನು. 2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್-6 ನಿಯಮ ಜಾರಿಯಾದ ಬಳಿಕ ಹೊಸ ದ್ವಿಚಕ್ರ ವಾಹನಗಳ ಪೈಕಿ ಬಹುಪಾಲು ಫ್ಯೂಯಲ್ ಇಂಜೆಕ್ಷನ್‌ಗೆ ಬದಲಾಗಿವೆ. ಆದರೆ ಅದಕ್ಕೂ ಹಿಂದಿನ ಬೈಕ್, ಸ್ಕೂಟರ್‌ಗಳಲ್ಲಿ, ಸಣ್ಣ ಜನರೇಟರ್ ಹಾಗೂ ಪೆಟ್ರೋಲ್ ಪಂಪ್‌ಸೆಟ್‌ಗಳಲ್ಲಿ ಕಾರ್ಬ್ಯುರೇಟರ್ ಇಂದಿಗೂ ಇದೆ. ಸೋರಿಕೆಗೆ ಕಾರಣವಾಗುವ ಬಿಡಿಭಾಗ ಸಾಮಾನ್ಯವಾಗಿ ಅಗ್ಗದ್ದು. ನಿರ್ಲಕ್ಷಿಸಿದರೆ ಬೆಂಕಿ ಅನಾಹುತದಿಂದ ಹಿಡಿದು ಎಂಜಿನ್ ಹಾಳಾಗುವವರೆಗೆ ಏನು ಬೇಕಾದರೂ ಸಂಭವಿಸಬಹುದು.

ಸೋರುವುದೇಕೆ?

ಕಾರ್ಬ್ಯುರೇಟರಿನ ತಳದಲ್ಲಿ ಪೆಟ್ರೋಲ್ ತುಂಬಿಕೊಳ್ಳುವ ಪುಟ್ಟ ಬಟ್ಟಲೊಂದಿದೆ. ಅದರೊಳಗೆ ತೇಲುವ ಫ್ಲೋಟ್, ಮನೆಯ ಸಂಪಿನಲ್ಲಿರುವ ಬಾಲ್ ವಾಲ್ವ್‌ನಂತೆಯೇ ಕೆಲಸ ಮಾಡುತ್ತದೆ. ಪೆಟ್ರೋಲ್ ಮಟ್ಟ ಏರಿದಂತೆ ಫ್ಲೋಟ್ ಮೇಲೇರಿ, ಸೂಜಿಯಂತಹ ನೀಡಲ್ ವಾಲ್ವನ್ನು ಒತ್ತಿ ಒಳಹರಿವನ್ನು ನಿಲ್ಲಿಸುತ್ತದೆ. ಈ ನೀಡಲ್ ಸರಿಯಾಗಿ ಮುಚ್ಚದಿದ್ದಾಗ ಬಟ್ಟಲು ತುಂಬಿ ಹರಿಯುತ್ತದೆ.

ಮೊದಲು ಸುರಕ್ಷತೆ

ಎಂಜಿನ್ ನಿಲ್ಲಿಸಿ ಪೂರ್ತಿ ತಣ್ಣಗಾಗಲು ಬಿಡಿ. ಪೆಟ್ರೋಲ್ ಟ್ಯಾಪ್ ಮುಚ್ಚಿ, ಯಂತ್ರವನ್ನು ಬಯಲಿನ ಸಮತಟ್ಟಾದ ಜಾಗಕ್ಕೆ ತನ್ನಿ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದುದರಿಂದ ನೆಲಮಟ್ಟದಲ್ಲೇ ಹರಡಿ ನಿಲ್ಲುತ್ತದೆ. ಒಂದು ಕಿಡಿ ತಗುಲಿದರೂ ಹೊತ್ತಿಕೊಳ್ಳುತ್ತದೆ. ಸುತ್ತಮುತ್ತ ಬೀಡಿ, ಸಿಗರೇಟು, ದೀಪ, ಒಲೆ ಯಾವುದೂ ಇರಕೂಡದು. ಮುಚ್ಚುವ ಟ್ಯಾಪ್ ಇಲ್ಲದ ಸ್ಕೂಟರ್‌ಗಳನ್ನು ಮೆಕ್ಯಾನಿಕ್‌ಗೆ ಒಪ್ಪಿಸುವುದೇ ಲೇಸು.

ಮೂಲ ಪತ್ತೆ ಹೇಗೆ?

ಕಾರ್ಬ್ಯುರೇಟರನ್ನು ಬಟ್ಟೆಯಿಂದ ಒರೆಸಿ ಒಣಗಿಸಿ. ಬಳಿಕ ಟ್ಯಾಪ್ ತೆರೆದು, ಮೊದಲು ಎಲ್ಲಿ ಒದ್ದೆಯಾಗುತ್ತದೆ ಎಂಬುದನ್ನು ಟಾರ್ಚ್ ಬೆಳಕಿನಲ್ಲಿ ಗಮನಿಸಿ.

* ಪೈಪ್: ಬಿರುಕು ಬಿಟ್ಟಿದ್ದರೆ ಪೈಪ್ ಬದಲಿಸಿ, ಕ್ಲಿಪ್ ಸಡಿಲವಾಗಿದ್ದರೆ ಬಿಗಿಗೊಳಿಸಿ.

* ತಳದ ಡ್ರೇನ್ ಸ್ಕ್ರೂ: ಸ್ಕ್ರೂ ಸಡಿಲವಾಗಿರಬಹುದು ಅಥವಾ ವಾಷರ್ ಸವೆದಿರಬಹುದು.

* ಬಟ್ಟಲಿನ ಅಂಚು: ಗ್ಯಾಸ್ಕೆಟ್ ಗಟ್ಟಿಯಾಗಿದೆ ಅಥವಾ ಉಬ್ಬಿದೆ ಎಂದರ್ಥ. ಹೊಸದನ್ನು ಹಾಕಿ. ಅತಿಯಾಗಿ ಬಿಗಿದರೆ ಮೃದು ಲೋಹದ ಮರೆ ಕಿತ್ತುಹೋಗುತ್ತದೆ.

* ಓವರ್‌ಫ್ಲೋ ಪೈಪ್: ದೋಷವಿರುವುದು ನೀಡಲ್ ಅಥವಾ ಫ್ಲೋಟ್‌ನಲ್ಲಿ.

ಕೊನೆಯದೇ ಸೋರಿಕೆಯ ಅತಿ ಸಾಮಾನ್ಯ ರೂಪ. ಸ್ಕ್ರೂಡ್ರೈವರಿನ ಹಿಡಿಯಿಂದ ಬಟ್ಟಲಿನ ಹೊರಮೈಗೆ ಮೆಲ್ಲಗೆ ತಟ್ಟಿದರೆ ಸಿಕ್ಕಿಕೊಂಡ ಕಸ ಜಾರಿ ಕೆಲವೊಮ್ಮೆ ಸೋರಿಕೆ ನಿಲ್ಲುತ್ತದೆ. ಮತ್ತೆ ಮರುಕಳಿಸಿದರೆ ಟ್ಯಾಪ್ ಮುಚ್ಚಿ, ಬಟ್ಟಲು ಬಿಚ್ಚಲೇಬೇಕು. ನೀಡಲ್‌ನ ತುದಿಯಲ್ಲಿ ಉಂಗುರದಂತಹ ಗೆರೆ ಬಿದ್ದಿದ್ದರೆ ಅದು ಸವೆದಿದೆ, ಬದಲಿಸಿ. ಅದು ಕೂರುವ ಜಾಗವನ್ನು ಮೆತ್ತನೆಯ ಬಟ್ಟೆಯಿಂದ ಶುಚಿಗೊಳಿಸಿ, ತಂತಿಯಿಂದ ಕೆರೆಯಬೇಡಿ. ಟೊಳ್ಳು ಫ್ಲೋಟನ್ನು ಕಿವಿಯ ಬಳಿ ಅಲ್ಲಾಡಿಸಿದಾಗ ಒಳಗೆ ದ್ರವದ ಸದ್ದು ಕೇಳಿದರೆ ಅದು ತೂತಾಗಿದೆ. ಬಟ್ಟಲಿನಲ್ಲಿ ತುಕ್ಕು ಅಥವಾ ನೀರು ಕಂಡುಬಂದರೆ ಟ್ಯಾಂಕ್ ಮತ್ತು ಫಿಲ್ಟರನ್ನೂ ಶುಚಿಗೊಳಿಸಬೇಕು. ಇಲ್ಲವಾದರೆ ಸಮಸ್ಯೆ ಮರಳಿ ಬರುತ್ತದೆ.

ಕಣ್ಣಿಗೆ ಕಾಣದ ಸೋರಿಕೆ

ನೆಲಕ್ಕೆ ಬೀಳುವ ಹನಿಗಿಂತ ಎಂಜಿನ್ನಿನೊಳಗೆ ಇಳಿಯುವ ಪೆಟ್ರೋಲ್ ಹೆಚ್ಚು ಅಪಾಯಕಾರಿ. ಓವರ್‌ಫ್ಲೋ ಪೈಪ್ ಇಲ್ಲದಿದ್ದಾಗ ಅಥವಾ ಅದು ಕಟ್ಟಿಕೊಂಡಾಗ ಪೆಟ್ರೋಲ್ ಸಿಲಿಂಡರಿಗೆ ಹರಿದು, ಫೋರ್‌ಸ್ಟ್ರೋಕ್ ಎಂಜಿನ್‌ಗಳಲ್ಲಿ ಆಯಿಲ್ ಜತೆ ಬೆರೆಯುತ್ತದೆ. ತೆಳುವಾದ ಆಯಿಲ್ ಬೇರಿಂಗ್, ಪಿಸ್ಟನ್‌ಗಳನ್ನು ರಕ್ಷಿಸಲಾರದು. ಆದ್ದರಿಂದ ದುರಸ್ತಿಯಾದ ಕೂಡಲೇ ಎಂಜಿನ್ ಚಾಲೂ ಮಾಡದೆ ಮೊದಲು ಆಯಿಲ್ ಪರೀಕ್ಷಿಸಿ. ಮಟ್ಟ ಏರಿದ್ದರೆ ಅಥವಾ ಪೆಟ್ರೋಲ್ ವಾಸನೆ ಬಂದರೆ ಆಯಿಲ್ ಬದಲಿಸಲೇಬೇಕು. ಕಿಕ್ಕರ್ ಅಥವಾ ಜನರೇಟರಿನ ಹಗ್ಗ ಅಲುಗಾಡದೆ ನಿಂತರೆ ಬಲ ಪ್ರಯೋಗಿಸಬೇಡಿ. ಸಿಲಿಂಡರಿನಲ್ಲಿ ಪೆಟ್ರೋಲ್ ತುಂಬಿರಬಹುದು, ಮೆಕ್ಯಾನಿಕ್‌ನನ್ನು ಕರೆಸಿ.

ಮುಂಜಾಗ್ರತೆ

ಶೇ 20ರಷ್ಟು ಎಥೆನಾಲ್ ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಎಥೆನಾಲ್ ತೇವಾಂಶವನ್ನು ಹೀರಿಕೊಳ್ಳುತ್ತದೆ. ಅದಕ್ಕೆ ಹೊಂದುವಂತೆ ತಯಾರಾಗದ ಹಳೆಯ ರಬ್ಬರ್ ಭಾಗಗಳು ಉಬ್ಬಬಹುದು, ಬಿರುಕು ಬಿಡಬಹುದು. ಪೈಪ್, ಗ್ಯಾಸ್ಕೆಟ್ ಬದಲಿಸುವಾಗ ಎಥೆನಾಲ್ ತಾಳಿಕೊಳ್ಳುವಂಥದ್ದನ್ನೇ ಕೇಳಿ ಪಡೆಯಿರಿ. ಒಂದು ತಿಂಗಳಿಗೂ ಹೆಚ್ಚು ಕಾಲ ಬಳಸದೆ ಇಡುವುದಾದರೆ ಟ್ಯಾಪ್ ಮುಚ್ಚಿ, ಡ್ರೇನ್ ಸ್ಕ್ರೂ ಮೂಲಕ ಬಟ್ಟಲನ್ನು ಬರಿದು ಮಾಡಿ. ಹೊರತೆಗೆದ ಪೆಟ್ರೋಲನ್ನು ಚರಂಡಿಗೆ ಸುರಿಯದೆ ಭದ್ರವಾಗಿ ಮುಚ್ಚುವ ಲೋಹದ ಕ್ಯಾನಿನಲ್ಲಿ ಸಂಗ್ರಹಿಸಿ.

ಇಷ್ಟೆಲ್ಲ ಮಾಡಿದ ಮೇಲೂ ಹನಿ ನಿಲ್ಲದಿದ್ದರೆ ಟ್ಯಾಪ್ ಮುಚ್ಚಿಯೇ ಇರಲಿ. ಯಂತ್ರವನ್ನು ಓಡಿಸಿಕೊಂಡು ಹೋಗದೆ, ತಳ್ಳಿಕೊಂಡೇ ಗ್ಯಾರೇಜಿಗೆ ಒಯ್ಯಿರಿ.