ಗ್ರೆಚ್ಚೊದ ಗೋದಲಿ ಮತ್ತು ನಮ್ಮ ಜಲಪಾತ



ಕಳೆದ ವರ್ಷ ಗೋದಲಿ ಸ್ಪರ್ಧೆಗೆಂದು ನಾವು ಜಲಪಾತ ಮಾಡಿದ್ದು ನಿಮಗೆ ನೆನಪಿರಬಹುದು. ಡಿಸೆಂಬರ್ 24ರ ರಾತ್ರಿ ಅದರ ಪಂಪು ಕೈಕೊಟ್ಟಿತು. ಬಿಎಸ್ಸಿ ಓದಿದವನೆಂದು ರಿಪೇರಿ ನನ್ನ ತಲೆಗೆ ಬಂತು. (ನಾನು ಓದಿದ್ದು ಸಸ್ಯಶಾಸ್ತ್ರ!) ನೀರು ಹರಿಯತೊಡಗಿದ ಮೇಲೆ ಕೈತೊಳೆದು ಚರ್ಚಿನೊಳಗೆ ಬಂದಾಗ ಬಲಿಪೂಜೆಯಲ್ಲಿ ಶುಭಸಂದೇಶ, ಪ್ರವಚನ ಎರಡೂ ಮುಗಿದಿದ್ದವು. ಬಾಲಯೇಸುವಿಗೆ ಜಾಗ ಸಿಂಗರಿಸುತ್ತ ಅವರ ಜನನದ ವಾರ್ತೆಯನ್ನೇ ನಾನು ಕೇಳಲಿಲ್ಲ. ನಮಗೆ ಬಹುಮಾನವೇನೋ ಬಂತು. ಆದರೆ ಆ ನಾಚಿಕೆ ಹೋಗಲಿಲ್ಲ. ಗೋದಲಿಯ ಚರಿತ್ರೆ ಓದಲು ಕುಳಿತದ್ದು ಅದಕ್ಕೇ.

1223ನೇ ಇಸವಿ. ಅಸ್ಸಿಸಿಯ ಸಂತ ಫ್ರಾನ್ಸಿಸರ ಸಭೆಯ ನಿಯಮಾವಳಿಗೆ ಪೋಪ್ ಮೂರನೇ ಹೊನೋರಿಯುಸ್ ನವೆಂಬರ್ 29ರಂದು ಒಪ್ಪಿಗೆ ಕೊಟ್ಟಿದ್ದರು. ಆ ಡಿಸೆಂಬರಿನಲ್ಲಿ ಫ್ರಾನ್ಸಿಸರು ಇಟಲಿಯ ಗ್ರೆಚ್ಚೊ ಎಂಬ ಗುಡ್ಡದೂರಿನ ಜಾನ್ ಎಂಬ ಗೆಳೆಯರಿಗೆ ಹೇಳಿಕಳುಹಿಸಿದರು. ಹಬ್ಬಕ್ಕೆ ಆಗ ಸುಮಾರು 15 ದಿನ ಉಳಿದಿತ್ತು. ಬೆತ್ಲೆಹೇಮಿನಲ್ಲಿ ಆ ಶಿಶು ಎಂಥ ಕೊರತೆಯಲ್ಲಿ ಹುಲ್ಲಿನ ಮೇಲೆ ಮಲಗಿತ್ತೆಂದು ಕಣ್ಣಾರೆ ನೋಡಬೇಕು ಎಂಬುದು ಅವರ ಆಸೆ. ಅವರ ಜೀವನಚರಿತ್ರೆ ಬರೆದ ಚೆಲಾನೊದ ಥಾಮಸ್ ಇದನ್ನು ದಾಖಲಿಸಿದ್ದಾರೆ.

ಅಲ್ಲಿ ಸಿದ್ಧವಾದದ್ದು ಇಷ್ಟೇ: ಒಂದು ಗೋದಲಿ, ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ. ಪ್ರತಿಮೆಗಳೇ ಇರಲಿಲ್ಲ. ಗೋದಲಿ ಎಂದರೆ ದನಗಳಿಗೆ ಮೇವು ಹಾಕುವ ತೊಟ್ಟಿ ಎಂಬುದನ್ನು ನಾವು ಮರೆತೇ ಬಿಟ್ಟಿದ್ದೇವೆ. ಆ ತೊಟ್ಟಿಯ ಬಳಿಯಲ್ಲೇ ಬಲಿಪೂಜೆ ನಡೆಯಿತು. ಊರಿನವರು ಮೇಣದಬತ್ತಿ, ಪಂಜು ಹಿಡಿದು ಕತ್ತಲಲ್ಲಿ ಬಂದರು. ಫ್ರಾನ್ಸಿಸರು ಗುರುಗಳಾಗಿರಲಿಲ್ಲ, ಡೀಕನರಾಗಿದ್ದರು. ಶುಭಸಂದೇಶ ಹಾಡಿ, ಪ್ರವಚನ ಕೊಟ್ಟದ್ದು ಅವರೇ. ನಾನು ತಪ್ಪಿಸಿಕೊಂಡ ಭಾಗವೇ ಅಲ್ಲಿ ಮುಖ್ಯವಾಗಿತ್ತು.

ಹಾಗೆಂದು ಫ್ರಾನ್ಸಿಸರಿಗೆ ಹಬ್ಬದ ಸಡಗರ ಬೇಡವಾಗಿತ್ತೆಂದು ಯಾರೂ ತಿಳಿಯಬೇಡಿ. ಒಮ್ಮೆ ಕ್ರಿಸ್‌ಮಸ್ ಶುಕ್ರವಾರ ಬಂತು. ಮಾಂಸ ತಿನ್ನಬಹುದೇ ಎಂಬ ಮಾತೆದ್ದಾಗ, ಇಂಥ ದಿನ ಗೋಡೆಗಳಿಗೂ ಮಾಂಸ ಸಿಗಬೇಕು, ಅವು ತಿನ್ನಲಾರವಾದರೆ ಮೇಲಾದರೂ ಸವರಿ ಎಂಬರ್ಥದಲ್ಲಿ ಉತ್ತರಿಸಿದರಂತೆ! ಆ ದಿನ ಉಳ್ಳವರು ಬಡವರಿಗೆ ಹೊಟ್ಟೆತುಂಬ ಉಣಿಸಬೇಕು, ಎತ್ತು ಕತ್ತೆಗಳಿಗೆ ಹೆಚ್ಚು ಮೇವು ಹಾಕಬೇಕು, ಹಕ್ಕಿಗಳಿಗೆ ದಾರಿಯಲ್ಲಿ ಕಾಳು ಚೆಲ್ಲಬೇಕು ಎಂದೂ ಅವರು ಬಯಸಿದ್ದರು. ನಮ್ಮ ಮನೆಗಳಿಂದ ನೆರೆಮನೆಗೆ ತಟ್ಟೆಯಲ್ಲಿ ಹೋಗುವ ಕುಸ್ವಾರ್ ಇದೇ ಜಾತಿಯದು.

ವ್ಯಾಪಾರ ಸೇರಿಕೊಂಡದ್ದು ಬಹಳ ತಡವಾಗಿ. 1843ರಲ್ಲಿ ಲಂಡನ್ನಿನ ಹೆನ್ರಿ ಕೋಲ್ ಮಾರಾಟಕ್ಕಾಗಿ ಕ್ರಿಸ್‌ಮಸ್ ಕಾರ್ಡು ಅಚ್ಚು ಹಾಕಿಸಿದರು. ಒಂದರ ಬೆಲೆ ಒಂದು ಶಿಲ್ಲಿಂಗ್. ಆ ಕಾರ್ಡಿನ ಮಧ್ಯದಲ್ಲಿ ಹಬ್ಬದೂಟದ ಚಿತ್ರ ಇತ್ತು, ಎರಡು ಬದಿಗಳಲ್ಲಿ ಬಡವರಿಗೆ ಊಟ, ಬಟ್ಟೆ ಕೊಡುವ ಚಿತ್ರಗಳೂ ಇದ್ದವು. 1931ರಲ್ಲಿ ಕೋಕಾ-ಕೋಲಾ ಜಾಹೀರಾತಿಗೆ ಹ್ಯಾಡನ್ ಸಂಡ್‌ಬ್ಲೋಮ್ ಸಾಂತಾಕ್ಲಾಸನನ್ನು ಬರೆಯುವ ಹೊತ್ತಿಗೆ ಆತನ ಕೈಯಲ್ಲಿದ್ದದ್ದು ಪಾನೀಯ. ಮೀರಾದ ಬಿಷಪ್ ಸಂತ ನಿಕೊಲಾಸರು ಎಲ್ಲಿ, ಈ ಅಜ್ಜ ಎಲ್ಲಿ?

ಅಜ್ಜಿ ಆಗಮನ ಕಾಲದಲ್ಲಿ ಗೆರಟೆಗಳಲ್ಲಿ ಭತ್ತ ಬಿತ್ತಿ ದಿನಾ ನೀರು ಚಿಮುಕಿಸುತ್ತಿದ್ದರು. ಹಬ್ಬದ ಹೊತ್ತಿಗೆ ಗೋದಲಿಯ ಸುತ್ತ ಹಸಿರು ಪೈರು. ಬಿತ್ತಿ ಕಾಯಲು ಬೇಕಾದದ್ದು ಹೆಚ್ಚುಕಡಿಮೆ ಅದೇ 15 ದಿನ. ಈಗ ಅಂಗಡಿಯಿಂದ ಪ್ಲಾಸ್ಟಿಕ್ ಹುಲ್ಲಿನ ಹಾಸು ತಂದರೆ ಹತ್ತು ನಿಮಿಷದ ಕೆಲಸ, ಕಾಯುವುದೇ ಇಲ್ಲ.

ಈ ಸಲ ನಮ್ಮ ಯುವಜನರು ಸ್ಪರ್ಧೆಗೆ ಹೆಸರು ಕೊಟ್ಟಿಲ್ಲ. ಇದಕ್ಕೆ ಎಲ್ಲರ ಮನಸ್ಸೂ ಇರಲಿಲ್ಲ, ಮೀಟಿಂಗಿನಲ್ಲಿ ಜೋರು ಮಾತೇ ಆಯಿತು. ಕೊನೆಗೆ ಪಂಪು ಬೇಡ, 24ರ ಸಂಜೆ 6 ಗಂಟೆಯ ನಂತರ ಯಾರೂ ಗೋದಲಿ ಮುಟ್ಟಬಾರದು ಎಂದು ತೀರ್ಮಾನಿಸಿದೆವು. ಚರ್ಚಿನ ಪಕ್ಕದ ಮನೆಯವರು ಬೈಹುಲ್ಲು ಕೊಡುತ್ತಾರೆ. ಹಬ್ಬ ಕಳೆದ ಮೇಲೆ ಅದು ಅವರ ದನಗಳಿಗೇ ವಾಪಸ್. ಗ್ರೆಚ್ಚೊದಲ್ಲೂ ಗೋದಲಿಯ ಹುಲ್ಲನ್ನು ತೆಗೆದಿಟ್ಟು ಕಾಯಿಲೆಬಿದ್ದ ದನಕರುಗಳಿಗೆ ತಿನ್ನಿಸಿದ್ದರಂತೆ. ಬರುವ ಭಾನುವಾರ ಬಲಿಪೂಜೆಯ ನಂತರ ಭತ್ತ ಬಿತ್ತುತ್ತೇವೆ. ಬರುವವರು ಮನೆಯಿಂದ ಒಂದೊಂದು ಗೆರಟೆ ತನ್ನಿ.